ಜೀಪು ಕಟ್ಟಿ ಎಳೆಯುವಾಗ ಎರಡನೇ ಲಿವರ್ ಮರೆಯಬೇಡಿ

ಸಂಪಾದಕರಿಗೆ,

ಮಳೆ ಹಿಡಿಯಿತೆಂದರೆ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ, ಬಂದಡ್ಕ, ಪಾಣತ್ತೂರು ಕಡೆಯ ಏರುಗಳಲ್ಲಿ ಕೆಟ್ಟುನಿಂತ ಜೀಪನ್ನು ಇನ್ನೊಂದು ಜೀಪಿಗೆ ಕಟ್ಟಿ ಎಳೆದೊಯ್ಯುವುದು ಮಾಮೂಲು. ಗೇರ್ ನ್ಯೂಟ್ರಲ್ ಮಾಡು, ಹಗ್ಗ ಕಟ್ಟು, ಎಳೆ ಎಂಬಷ್ಟಕ್ಕೇ ಹೆಚ್ಚಿನವರ ಸಿದ್ಧತೆ ಮುಗಿಯುತ್ತದೆ. ಮ್ಯಾನುವಲ್ ಗೇರಿನ ಫೋರ್ ವೀಲ್ ಡ್ರೈವ್ ಗಾಡಿಗೆ, ಅಂದರೆ ಬೇಕೆಂದಾಗ ನಾಲ್ಕೂ ಚಕ್ರಕ್ಕೆ ಬಲ ಕೊಡಬಹುದಾದ ಗಾಡಿಗೆ, ಇಷ್ಟು ಸಾಲದು. ಇಂಜಿನ್ ಕೆಟ್ಟು ನಿಂತ ಗಾಡಿ ಗ್ಯಾರೇಜ್ ತಲುಪುವ ಹೊತ್ತಿಗೆ ಗೇರ್ ಬಾಕ್ಸನ್ನೂ ಕೆಡಿಸಿಕೊಂಡಿರುತ್ತದೆ.

ಕಾರಣ ಎಣ್ಣೆ. ನಾಲ್ಕೂ ಚಕ್ರ ನೆಲದಲ್ಲಿದ್ದು ಗಾಡಿ ಉರುಳುವಾಗ ಹಿಂದಿನ ಚಕ್ರಗಳು ಗಾಡಿಯಡಿಯ ಉದ್ದನೆಯ ದಂಡವಾದ ಪ್ರೊಪೆಲ್ಲರ್ ಶಾಫ್ಟನ್ನು ತಿರುಗಿಸುತ್ತವೆ. ಅದರ ಮೂಲಕ ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್, ಅಲ್ಲಿಂದ ಗೇರ್ ಬಾಕ್ಸಿನ ಮೇನ್ ಶಾಫ್ಟ್ ತಿರುಗುತ್ತದೆ. ಆದರೆ ಇಂಜಿನ್ ನಿಂತಿರುವುದರಿಂದ ಇನ್‌ಪುಟ್ ಶಾಫ್ಟ್ ಕದಲುವುದಿಲ್ಲ, ಅದಕ್ಕೆ ಹಲ್ಲು ಕೊಟ್ಟ ಕೌಂಟರ್ ಶಾಫ್ಟೂ ಕದಲುವುದಿಲ್ಲ. ತಳದ ಎಣ್ಣೆಯಲ್ಲಿ ಮುಳುಗಿದ್ದು, ಅದನ್ನು ಮೇಲಕ್ಕೆ ಎರಚುವುದು ಈ ಕೌಂಟರ್ ಶಾಫ್ಟೇ. ಹೀಗಾಗಿ ಸುಮ್ಮನೆ ನಿಂತ ಗೇರುಗಳೊಳಗೆ ಮೇನ್ ಶಾಫ್ಟ್ ಒಣಗಿಕೊಂಡು ತಿರುಗುತ್ತದೆ. ಇನ್‌ಪುಟ್ ಶಾಫ್ಟೂ ಮೇನ್ ಶಾಫ್ಟೂ ಸೇರುವಲ್ಲಿನ ಸೂಜಿ ಬೇರಿಂಗ್ ಮೊದಲು ಹೋಗುತ್ತದೆ. ಆಮೇಲೆ ಬರುವ ಕಿರ್ ಸದ್ದಿಗೆ ಗೇರ್ ಬಾಕ್ಸ್ ಇಳಿಸದೆ ಬೇರೆ ದಾರಿಯಿಲ್ಲ.

ಆದ್ದರಿಂದ ನ್ಯೂಟ್ರಲ್ ಮಾಡಬೇಕಾದದ್ದು ಎರಡನೇ ಲಿವರನ್ನು, ಅಂದರೆ ಟ್ರಾನ್ಸ್‌ಫರ್ ಕೇಸಿನ ಲಿವರನ್ನು. 2ಎಚ್ (ಎರಡು ಚಕ್ರಕ್ಕೆ ಬಲ), 4ಎಚ್ (ನಾಲ್ಕಕ್ಕೂ ಬಲ), ಎನ್ (ನ್ಯೂಟ್ರಲ್), 4ಎಲ್ (ನಾಲ್ಕಕ್ಕೂ ಬಲ, ನಿಧಾನದ ಲೋ) ಎಂದು ಬರೆದಿರುವ ಲಿವರಿನಲ್ಲಿ ಎನ್‌ಗೆ ತನ್ನಿ. ಬಳಿಕ ಮುಖ್ಯ ಗೇರನ್ನು ನ್ಯೂಟ್ರಲ್‌ನಲ್ಲಿ ಬಿಡದೆ ಟಾಪ್ ಗೇರಿಗೆ ಹಾಕಿ. ಟ್ರಾನ್ಸ್‌ಫರ್ ಕೇಸಿನ ಎಣ್ಣೆಯ ಎಳೆತಕ್ಕೆ ಗೇರ್ ಬಾಕ್ಸ್ ತಾನೂ ತಿರುಗದಂತೆ ನಿಂತ ಇಂಜಿನ್ ಆಗ ಅದನ್ನು ಹಿಡಿದಿಡುತ್ತದೆ. ಗೇರಿನಲ್ಲಿದ್ದೂ ಇಬ್ಬರು ತಳ್ಳಿದಾಗ ಗಾಡಿ ಹಗುರವಾಗಿ ಉರುಳಿದರೆ ಎನ್ ಸರಿಯಾಗಿ ಬಿದ್ದಿದೆ ಎಂದರ್ಥ. ಮುಂದಿನ ಚಕ್ರಗಳಲ್ಲಿ ಹಬ್ ಲಾಕ್ (ಚಕ್ರವನ್ನು ಆಕ್ಸಲಿಗೆ ಜೋಡಿಸುವ, ಬಿಡಿಸುವ ಲಾಕ್) ಇದ್ದರೆ ಎರಡನ್ನೂ ಫ್ರೀ ಮಾಡಿ.

ಇಲ್ಲೊಂದು ಅಪಾಯವಿದೆ. ಲಿವರ್ ಎನ್‌ಗೆ ಬಂದ ಕ್ಷಣದಿಂದ ಗೇರಿನಲ್ಲಿದ್ದರೂ ಗಾಡಿ ನಿಲ್ಲುವುದಿಲ್ಲ. ನಮ್ಮ ಗುಡ್ಡದ ರಸ್ತೆಗಳಲ್ಲಿ ಚಕ್ರಕ್ಕೆ ಕೆಂಪುಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದ ಮೇಲೆಯೇ ಲಿವರ್ ಮುಟ್ಟಬೇಕು.

ಕ್ಲಚ್ ತುಳಿದು ಹಿಡಿದರೆ ಸಾಕು ಎನ್ನುವವರಿಗೆ ಒಂದು ಲೆಕ್ಕ. ಟಯರ್ ಒಂದು ಸುತ್ತಿಗೆ 2.2 ಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ, ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುತ್ತದೆ. ಲಿವರ್ ಅರಿವಿಲ್ಲದೆ 4ಎಲ್‌ನಲ್ಲಿದ್ದು ಗೇರ್ ಫಸ್ಟಿನಲ್ಲಿದ್ದರೆ, ಹೌಸಿಂಗಿನಲ್ಲಿ (ಆಕ್ಸಲಿನ ನಡುವಿನ ಗೇರು ಪೆಟ್ಟಿಗೆ) 4.3, ಲೋನಲ್ಲಿ 2.5, ಫಸ್ಟಿನಲ್ಲಿ 4 ಪಟ್ಟು ಎಂದು ಹಿಡಿದರೂ ಒಟ್ಟು 43 ಪಟ್ಟು. ಕ್ಲಚ್ ತುಳಿದಿದ್ದರೂ ಚಕ್ರದ ಕಡೆಯಿಂದ ತಿರುಗುವ ಕ್ಲಚ್ ಪ್ಲೇಟ್ ನಿಮಿಷಕ್ಕೆ 13,000 ಸುತ್ತಿನ ಹತ್ತಿರ ತಿರುಗಿ ಸಿಡಿದುಹೋಗುತ್ತದೆ.

ಲಿವರಿನಲ್ಲಿ ಎನ್ ಇಲ್ಲದಿದ್ದರೆ, ಅದು ಬೀಳುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ, ದೂರ ಹೋಗುವುದಿದ್ದರೆ ಪ್ರೊಪೆಲ್ಲರ್ ಶಾಫ್ಟ್ ಎರಡನ್ನೂ ಬಿಚ್ಚುವುದೇ ಸರಿ. ಬಿಚ್ಚುವ ಮೊದಲು ಶಾಫ್ಟ್ ಬೋಲ್ಟಿನಿಂದ ಸೇರುವ ಫ್ಲೇಂಜಿನ ಎರಡೂ ಬದಿಗೆ ಪೇಂಟಿನಲ್ಲಿ ಗುರುತು ಹಾಕಿ, ಮತ್ತೆ ಅದೇ ಜಾಗಕ್ಕೆ ಕೂರಿಸದಿದ್ದರೆ ಓಡುವಾಗ ನಡುಕ ಬರಬಹುದು. ಯು ಬೋಲ್ಟಿನ ಮಾದರಿಯಾದರೆ ಶಾಫ್ಟಿನ ಕೀಲಾದ ಕ್ರಾಸಿನ ಕಪ್ಪುಗಳಿಗೆ ಟೇಪ್ ಸುತ್ತಿ, ಇಲ್ಲವಾದರೆ ಒಳಗಿನ ಬೇರಿಂಗ್ ಸೂಜಿಗಳು ಕೆಸರಿಗೆ ಬೀಳುತ್ತವೆ. ಶಾಫ್ಟನ್ನು ಅಡಿಗೆ ತಂತಿಯಲ್ಲಿ ಕಟ್ಟುವ ಬದಲು ಪೂರ್ತಿ ತೆಗೆದು ಹಿಂದೆ ಇಡುವುದು ಒಳ್ಳೆಯದು. ಹಳೆಯ ಕೆಲವು ಜೀಪುಗಳಲ್ಲಿ ಹ್ಯಾಂಡ್ ಬ್ರೇಕಿನ ಡ್ರಮ್ ಟ್ರಾನ್ಸ್‌ಫರ್ ಕೇಸಿನ ಹಿಂಬದಿಗಿದೆ. ಅಂಥವುಗಳಲ್ಲಿ ಹಿಂದಿನ ಶಾಫ್ಟ್ ಬಿಚ್ಚಿದರೆ ಹ್ಯಾಂಡ್ ಬ್ರೇಕೂ ಹೋಯಿತೆಂದೇ ತಿಳಿಯಿರಿ.

ಹೊಳೆ ನೀರು ಹೊಕ್ಕ ಗಾಡಿಯಲ್ಲಂತೂ ಶಾಫ್ಟ್ ಬಿಚ್ಚದೆ ಎಳೆಯಬೇಡಿ. ಏರ್ ಕ್ಲೀನರ್ ದಾಟಿ ಸಿಲಿಂಡರಿಗೆ ನೀರು ಹೋಗಿದ್ದರೆ, ಅರೆಬರೆ ಬಿದ್ದ ಲಿವರಿನಿಂದ ಇಂಜಿನ್ ಒಂದು ಸುತ್ತು ತಿರುಗಿದರೂ ಕನೆಕ್ಟಿಂಗ್ ರಾಡ್ ಬಾಗೀತು. ಎಳೆದು ತಂದ ಮೇಲೆ ಹೌಸಿಂಗಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಅದನ್ನೂ ಬದಲಿಸಿ.

ಹಗ್ಗವನ್ನು ಬಂಪರಿಗೆ, ಸ್ಪ್ರಿಂಗ್ ಪ್ಲೇಟಿಗೆ, ಟೈ ರಾಡಿಗೆ ಕಟ್ಟಬೇಡಿ, ಚಾಸಿಸ್ಸಿನ ಹುಕ್ಕಿಗೇ ಕಟ್ಟಿ. ಇಳಿಜಾರಿನಲ್ಲಿ ಹಗ್ಗ ಸಡಿಲಾಗಿ ಹಿಂದಿನ ಗಾಡಿ ಮುಂದಿನದಕ್ಕೆ ಗುದ್ದುತ್ತದೆ, ಆದ್ದರಿಂದ ಘಟ್ಟದ ದಾರಿಗೆ ಕಬ್ಬಿಣದ ಟೋ ಬಾರೇ ಬೇಕು. ಎಳೆಯುವ ಗಾಡಿ ಎಳೆಸಿಕೊಳ್ಳುವ ಗಾಡಿಯಷ್ಟಾದರೂ ಭಾರವಿರಲಿ. ಹಿಂದಿನ ಗಾಡಿಯಲ್ಲಿ ಲೈಸೆನ್ಸ್ ಇರುವವರೇ ಕೂರಬೇಕು. ಸ್ಟೇರಿಂಗ್ ಲಾಕ್ ಆಗದಂತೆ ಕೀ ತಿರುಗಿಸಿಟ್ಟಿರಬೇಕು. ಇಂಜಿನ್ ಓಡದಿದ್ದಾಗ ಬ್ರೇಕ್ ಎರಡು ಮೂರು ತುಳಿತದ ಬಳಿಕ ಕಲ್ಲಿನಂತಾಗುತ್ತದೆ, ಪವರ್ ಸ್ಟೇರಿಂಗ್ ಕೂಡ ಭಾರವಾಗುತ್ತದೆ. ಕೂತವರಿಗೆ ಇದನ್ನು ಮೊದಲೇ ಹೇಳಿರಬೇಕು. ಎರಡು ಗಾಡಿಗಳ ನಡುವೆ 5 ಮೀಟರಿಗಿಂತ ಹೆಚ್ಚು ಅಂತರ ಬೇಡ, ವೇಗ ಗಂಟೆಗೆ 24 ಕಿ.ಮೀ. ಮೀರಬಾರದು ಎಂದು 1989ರ ರಸ್ತೆ ನಿಯಮಗಳಲ್ಲೇ ಇತ್ತು. ನಮ್ಮ ತಿರುವುಗಳಿಗೆ ಅದೂ ಜಾಸ್ತಿಯೇ.

ಆಟೋಮ್ಯಾಟಿಕ್ ಗೇರಿನ ಗಾಡಿಗಳಿಗೆ, ಸದಾ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಗಳಿಗೆ ಇದ್ಯಾವುದೂ ಅನ್ವಯಿಸದು. ಅವನ್ನು ಲಾರಿಯ ಮೇಲೇರಿಸಿಯೇ ಒಯ್ಯಬೇಕು. ಕಂಪನಿ ಕೊಟ್ಟ ಪುಸ್ತಕದಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ.

ಮುಳ್ಳೇರಿಯ, ಬದಿಯಡ್ಕ, ಪೆರ್ಲದ ಜೀಪು ಸ್ಟ್ಯಾಂಡುಗಳಲ್ಲಿ ಚಾಲಕರು ಹಣ ಸೇರಿಸಿ ಒಂದೊಂದು ಟೋ ಬಾರ್, ಎರಡು ಮರದ ಅಡೆ, ಒಂದು ಸೆಟ್ ಪಾನಾ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇವೆ. ಗ್ಯಾರೇಜಿನ ಅಂಗಳ ತಲುಪಿದಾಗ ಮೊದಲು ಅಡೆ, ಆಮೇಲೆ ಹ್ಯಾಂಡ್ ಬ್ರೇಕ್, ಶಾಫ್ಟ್ ಬಿಚ್ಚಿರದಿದ್ದರೆ ಲಿವರನ್ನು 2ಎಚ್‌ಗೆ ತರುವುದು. ಬಾರ್ ಕಳಚುವುದು ಕೊನೆಗೆ.

– ಜೀಪು ಮೆಕ್ಯಾನಿಕರು, ಮುಳ್ಳೇರಿಯ, ಕಾಸರಗೋಡು ಜಿಲ್ಲೆ