ಶಬ್ದವೂ ದೂರೇ, ಜಾಬ್ ಕಾರ್ಡಿನಲ್ಲಿ ಬರೆದುಕೊಳ್ಳಿ

ಮಾನ್ಯ ಸಂಪಾದಕರೇ,

ವಿದ್ಯುತ್ ಸ್ಕೂಟರ್‌ಗಳ ಬೆಲೆ, ಚಾರ್ಜಿಂಗ್ ಕೇಂದ್ರಗಳ ಕೊರತೆ, ಬ್ಯಾಟರಿಗೆ ಬೆಂಕಿ ಬಿದ್ದ ಸುದ್ದಿ ಇವೆಲ್ಲ ಪತ್ರಿಕೆಗಳಲ್ಲಿ ಆಗಾಗ ಬರುತ್ತಿವೆ. ಆದರೆ ಗಾಡಿಯೊಳಗಿನಿಂದ ಎದ್ದು, ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಸವಾರರನ್ನು ಕಾಡುವ ಶಬ್ದಗಳ ಬಗ್ಗೆ ಯಾರೂ ಬರೆದದ್ದನ್ನು ನಾನು ಓದಿಲ್ಲ. ಅದಕ್ಕಾಗಿ ಈ ಪತ್ರ.

ನಾನು ತಿಪಟೂರಿನವಳು. ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಶಾಲೆಗೆ ಹೋಗಿಬರುವುದು ವಿದ್ಯುತ್ ಸ್ಕೂಟರಿನಲ್ಲಿ. ದಾರಿ ಅರ್ಧ ಡಾಂಬರು, ಅರ್ಧ ತೆಂಗಿನ ತೋಟಗಳ ನಡುವಿನ ಕೆಮ್ಮಣ್ಣು. ಕಳೆದ ಬೇಸಿಗೆಯಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಕಾಲಡಿಯಿಂದ ‘ಟಕ್’ ಎಂಬ ಸದ್ದು ಬರತೊಡಗಿತು. ಮತ್ತೆ ತಿರುವಿದರೆ ಇನ್ನೊಂದು ‘ಟಕ್’. ತುಮಕೂರಿನ ಸರ್ವೀಸ್ ಸೆಂಟರಿಗೆ ಒಯ್ದಾಗ ಅಲ್ಲಿನ ಹುಡುಗ ಅಂಗಳದಲ್ಲೇ ಒಂದು ಸುತ್ತು ಓಡಿಸಿ, “ಇವಿ ಅಂದರೆ ಹೀಗೇ ಮೇಡಂ, ಎಂಜಿನ್ ಸದ್ದು ಇಲ್ಲವಲ್ಲ, ಅದಕ್ಕೇ ಎಲ್ಲವೂ ಕೇಳಿಸುತ್ತದೆ” ಎಂದ. ಗಾಡಿ ತೊಳೆದು ಕೊಟ್ಟರು. ಗ್ರಾಹಕರ ದೂರು, ಮಾಡಬೇಕಾದ ಕೆಲಸ ಬರೆದುಕೊಳ್ಳುವ ಜಾಬ್ ಕಾರ್ಡಿನಲ್ಲಿ ಶಬ್ದದ ಮಾತೇ ಇರಲಿಲ್ಲ. ‘ಜನರಲ್ ಚೆಕಪ್’ ಎಂದಷ್ಟೇ ಬರೆದಿತ್ತು.

ಆ ಹುಡುಗನ ಮಾತಿನಲ್ಲಿ ಅರ್ಧ ನಿಜವಿದೆ. ಪೆಟ್ರೋಲ್ ಗಾಡಿಯ ಎಂಜಿನ್ ಸದ್ದಿನಲ್ಲಿ ಉಳಿದ ಸದ್ದುಗಳೆಲ್ಲ ಸಂತೆಯಲ್ಲಿ ಆಡಿದ ಪಿಸುಮಾತಿನಂತೆ ಅಡಗಿಹೋಗುತ್ತವೆ. ವಿದ್ಯುತ್ ಗಾಡಿಯಲ್ಲಿ ಅಡಗಲು ಜಾಗವಿಲ್ಲ. ಹಾಗಾದರೆ ಇದು ನಮಗೆ ಸಿಕ್ಕ ಅನುಕೂಲವಲ್ಲವೇ? ಸಡಿಲವಾದ ಭಾಗವೊಂದು ಕಳಚಿಬೀಳುವ ಮೊದಲೇ ಕಿವಿಗೆ ಬೀಳುತ್ತಿದೆ. ಅದನ್ನು ‘ಸಹಜ’ ಎಂದು ತಳ್ಳಿಹಾಕುವುದು ಯಾವ ನ್ಯಾಯ?

ನನ್ನ ಗಾಡಿಯ ಸದ್ದು ತನ್ನ ಜಾಗವನ್ನು ತಾನೇ ಹೇಳುತ್ತಿತ್ತು. ಆಕ್ಸಿಲರೇಟರ್ ತಿರುವಿದಾಗ ಮೋಟಾರು ಚಕ್ರವನ್ನು ಮುಂದಕ್ಕೆ ತಳ್ಳುತ್ತದೆ. ಬಿಟ್ಟಾಗ ಅದೇ ಮೋಟಾರು ಜನರೇಟರ್ ಆಗಿ, ಚಕ್ರವನ್ನು ತಡೆಯುತ್ತಾ ಬ್ಯಾಟರಿಗೆ ಒಂದಿಷ್ಟು ವಿದ್ಯುತ್ತನ್ನು ಹಿಂತಿರುಗಿಸುತ್ತದೆ. ಅಂದರೆ ಬಲದ ದಿಕ್ಕು ತಿರುಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಸದ್ದಾದರೆ ಮೋಟಾರಿಗೂ ಗಾಡಿಯ ಚೌಕಟ್ಟಾದ ಚಾಸಿಗೂ ನಡುವೆ ಏನೋ ಸಡಿಲವಾಗಿದೆ, ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುತ್ತಿದೆ ಎಂದೇ ಅನುಮಾನಿಸಬೇಕು. ಚಕ್ರದ ತೊಂದರೆಯಾಗಿದ್ದರೆ ಲೆಕ್ಕ ಬೇರೆ. ನಮ್ಮ ಸ್ಕೂಟರ್‌ಗಳ ಹನ್ನೆರಡು ಇಂಚಿನ ಚಕ್ರ ಗಂಟೆಗೆ 10 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಸೆಕೆಂಡಿಗೆ ಎರಡು ಸಲ ಟಿಕ್ ಎಂದರೆ ಚಕ್ರದೊಂದಿಗೆ ತಿರುಗುವುದನ್ನು ನೋಡಬೇಕು: ಟಯರಿಗೆ ಸಿಕ್ಕಿಕೊಂಡ ಕಲ್ಲು, ಬ್ರೇಕ್ ಡಿಸ್ಕ್, ಹಿಂದಿನ ಪುಲ್ಲಿ. ಮೋಟಾರಿನಿಂದ ಹಿಂದಿನ ಪುಲ್ಲಿಗೆ ಬೆಲ್ಟ್ ಇರುವ ಗಾಡಿಯಲ್ಲಿ ಸದ್ದು ಅದಕ್ಕಿಂತ ನಿಧಾನವಾಗಿ ಮರುಕಳಿಸಿದರೆ ಬೆಲ್ಟನ್ನು ಪರೀಕ್ಷಿಸಬೇಕು, ಏಕೆಂದರೆ ಬೆಲ್ಟ್ ಒಂದು ಸುತ್ತು ಬರುವಷ್ಟರಲ್ಲಿ ಹಿಂದಿನ ಪುಲ್ಲಿ ಒಂದಕ್ಕಿಂತ ಹೆಚ್ಚು ಸುತ್ತು ತಿರುಗಿರುತ್ತದೆ. ಮೊಬೈಲಿನಲ್ಲಿ ಸದ್ದು ರೆಕಾರ್ಡ್ ಮಾಡಿಕೊಂಡು ಎಣಿಸಿದರಾಯಿತು. ಒಂಬತ್ತನೇ ತರಗತಿಯ ಮಕ್ಕಳು ಮಾಡಬಹುದಾದ ಲೆಕ್ಕವಿದು.

ಕೊನೆಗೆ ತೊಂದರೆಯನ್ನು ಕಂಡುಹಿಡಿದವರು ನಮ್ಮೂರಿನ ಮಾರುಕಟ್ಟೆ ಬಳಿ ಗ್ಯಾರೇಜು ಇಟ್ಟುಕೊಂಡಿರುವ ಹಿರಿಯ ಮೆಕ್ಯಾನಿಕ್. ಮೊಪೆಡ್‌ಗಳ ಕಾಲದಿಂದ ಸ್ಪ್ಯಾನರ್ ಹಿಡಿದವರು. ಮೊದಲು ತಾವೇ ಹಿಂದೆ ಕುಳಿತು ನನ್ನಿಂದಲೇ ಗಾಡಿ ಓಡಿಸಿದರು. ಡಿಕ್ಕಿಯಲ್ಲಿದ್ದ ಚಾರ್ಜರ್ ತೆಗೆಸಿದರು, ನಂಬರ್ ಪ್ಲೇಟಿಗೂ ಸೈಡ್ ಸ್ಟ್ಯಾಂಡಿಗೂ ಬಟ್ಟೆ ಸುತ್ತಿದರು. ಸದ್ದು ಹಾಗೆಯೇ ಇತ್ತು. ಆಮೇಲೆ ನೆಲಕ್ಕೆ ಗೋಣಿಚೀಲ ಹಾಸಿ, ಮಲಗಿ, ಟಾರ್ಚ್ ಬಿಟ್ಟು ನೋಡಿದರು. ಕಾರ್ಖಾನೆಯಲ್ಲಿ ಮುಖ್ಯವಾದ ಬೋಲ್ಟ್‌ಗಳನ್ನು ಬಿಗಿದ ಮೇಲೆ ನಟ್ಟಿನಿಂದ ಪಕ್ಕದ ಲೋಹದವರೆಗೆ ಬಣ್ಣದ ಒಂದು ಗೆರೆ ಎಳೆದಿರುತ್ತಾರೆ. ಸ್ವಿಂಗ್ ಆರ್ಮಿನ ಬೋಲ್ಟಿನಲ್ಲಿ ಆ ಗೆರೆ ತುಂಡಾಗಿ, ನಟ್ಟಿನ ಮೇಲಿನ ಅರ್ಧ ಅತ್ತ ಸರಿದಿತ್ತು. ಹಿಂದಿನ ಚಕ್ರವನ್ನು ಚಾಸಿಗೆ ಹಿಡಿದಿಡುವ ಬೋಲ್ಟ್ ಅದು.

ಅವರು ಅದನ್ನು ಬಿಗಿಯಲಿಲ್ಲ. “ಎಷ್ಟು ಬಿಗಿಯಬೇಕೆಂದು ನನಗೆ ಹೇಳುವವರು ಯಾರಮ್ಮಾ? ಕಡಿಮೆಯಾದರೆ ಮತ್ತೆ ಸಡಿಲವಾಗುತ್ತದೆ, ಹೆಚ್ಚಾದರೆ ಬುಷ್ ಹಾಳಾಗುತ್ತದೆ. ನಾನು ಮುಟ್ಟಿದೆನೆಂದು ನಿಮ್ಮ ವಾರಂಟಿಗೂ ಕುತ್ತು ಬರಬಹುದು” ಎಂದರು. ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ರೆಂಚ್ ಅವರ ಬಳಿ ಇದೆ. ಇಲ್ಲದಿದ್ದುದು ಒಂದು ಅಂಕಿ, ಇಷ್ಟು ನ್ಯೂಟನ್ ಮೀಟರ್ ಎಂಬ ಅಂಕಿ. ಅದು ಕಂಪನಿಯ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿದೆ, ಹೊರಗಿನವರಿಗೆ ಸಿಗುವುದಿಲ್ಲ. ಅದೊಂದು ಅಂಕಿಗಾಗಿ ಗಾಡಿಯನ್ನು ಟಾಟಾ ಏಸ್‌ಗೆ ಹೇರಿಸಿ ಸುಮಾರು 70 ಕಿ.ಮೀ. ದೂರದ ತುಮಕೂರಿಗೆ ಮತ್ತೆ ಕಳಿಸಬೇಕಾಯಿತು. ಸಡಿಲ ಬೋಲ್ಟಿನ ಗಾಡಿಯನ್ನು ಹೆದ್ದಾರಿಯಲ್ಲಿ ಓಡಿಸುವಂತಿರಲಿಲ್ಲ; ಓಡಿಸಿದರೂ ಒಂದು ಚಾರ್ಜಿನಲ್ಲಿ ಹೋಗಿಬರುವ ದೂರವಲ್ಲ ಅದು. ತುಂಡಾದ ಗೆರೆಯ ಫೋಟೊ ತೋರಿಸಿದ ಮೇಲೆ ಅಲ್ಲಿ ಕೆಲಸ ಮುಗಿಯಲು ಹತ್ತು ನಿಮಿಷವೂ ಹಿಡಿಯಲಿಲ್ಲ. ‘ಟಕ್’ ನಿಂತಿತು.

ಎಲ್ಲ ಸದ್ದೂ ಅಪಾಯದ್ದಲ್ಲ, ಅದನ್ನೂ ಹೇಳಬೇಕು. ನಿಧಾನವಾಗಿ ಹೊರಡುವಾಗ ಕೇಳಿಸುವ ಸಣ್ಣ ‘ಕುಂಯ್’ ಕಂಟ್ರೋಲರ್ ಮೋಟಾರಿಗೆ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ಕಡಿದು ಕೊಡುವುದರಿಂದ ಬರುವಂಥದ್ದು. ಅದು ನಿಜಕ್ಕೂ ಸಹಜ. ಮಳೆಯಲ್ಲಿ ನೆನೆದ ಮರುದಿನ ಬ್ರೇಕ್ ಕೆರೆಯುವುದು ಡಿಸ್ಕಿನ ಮೇಲಿನ ತೆಳು ತುಕ್ಕಿನಿಂದ. ಈ ಗಾಡಿಗಳಲ್ಲಿ ಮೋಟಾರೇ ವೇಗ ತಗ್ಗಿಸುವುದರಿಂದ ಬ್ರೇಕಿನ ಬಳಕೆ ಕಡಿಮೆ, ತುಕ್ಕು ಉಜ್ಜಿಹೋಗಲು ಸ್ವಲ್ಪ ಹೊತ್ತು ಬೇಕು. ನಮ್ಮ ಕೆಮ್ಮಣ್ಣಿನ ಧೂಳು ಬೆಲ್ಟಿನ ಹಲ್ಲುಗಳಲ್ಲಿ ಕುಳಿತರೆ ‘ಕಿರ್ ಕಿರ್’ ಎನ್ನುತ್ತದೆ. ಗಾಡಿ ಆಫ್ ಮಾಡಿ ಒಣ ಬ್ರಷ್‌ನಿಂದ ಧೂಳು ತೆಗೆಯಬೇಕೇ ಹೊರತು ಎಣ್ಣೆ ಬಿಡಬಾರದು, ಎಣ್ಣೆಗೆ ಧೂಳು ಇನ್ನಷ್ಟು ಅಂಟುತ್ತದೆ. ಬ್ಯಾಟರಿ ಪೆಟ್ಟಿಗೆಯನ್ನೂ ದಪ್ಪ ಕೇಬಲ್‌ಗಳನ್ನೂ ಮನೆಯಲ್ಲಿ ಯಾರೂ ಬಿಚ್ಚಬಾರದು. ಯಾವ ಸದ್ದು ಸಹಜ, ಯಾವುದು ಅಲ್ಲ ಎಂಬುದನ್ನು ಸದ್ದಿನ ರೆಕಾರ್ಡಿಂಗ್ ಸಮೇತ ಗ್ರಾಹಕರಿಗೆ ತಿಳಿಸಿಕೊಡುವುದು ಕಂಪನಿಗಳಿಗೆ ಎಷ್ಟು ಹೊತ್ತಿನ ಕೆಲಸ?

ಈ ಗಾಡಿಗಳಿಗೆ ಜನರ ತೆರಿಗೆಯ ಹಣ ಸಂದಿದೆ. 2019ರಿಂದ 2024ರ ಮಾರ್ಚ್‌ವರೆಗೆ ಫೇಮ್-2, 2024ರ ಅಕ್ಟೋಬರ್‌ನಿಂದ ಪಿಎಂ ಇ-ಡ್ರೈವ್ ಯೋಜನೆಗಳ ಮೂಲಕ ಕೇಂದ್ರ ಸರ್ಕಾರ ಸಹಾಯಧನ ಕೊಟ್ಟಿದೆ. ಕರ್ನಾಟಕ 2017ರಲ್ಲೇ ವಿದ್ಯುತ್ ವಾಹನ ನೀತಿ ತಂದ ರಾಜ್ಯ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣ ತೆರೆದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತು. ಸಹಾಯಧನ ಪಡೆದ ಪ್ರತಿ ಕಂಪನಿಯೂ ಚಾಸಿ, ಚಕ್ರ, ಬ್ರೇಕುಗಳ ಬೋಲ್ಟ್‌ಗಳನ್ನು ಎಷ್ಟು ಬಿಗಿಯಬೇಕೆಂಬ ಪಟ್ಟಿಯನ್ನು ಅಲ್ಲಿ ಎಲ್ಲರಿಗೂ ಕಾಣುವಂತೆ, ಕನ್ನಡದಲ್ಲೂ ಹಾಕಬೇಕು ಎಂದು ಸರ್ಕಾರ ಕಡ್ಡಾಯ ಮಾಡಲಿ. ಬ್ಯಾಟರಿಯ ಒಳಗುಟ್ಟನ್ನು ಯಾರೂ ಕೇಳುತ್ತಿಲ್ಲ.

ಸರ್ವೀಸ್ ಸೆಂಟರ್‌ಗಳಲ್ಲಿ ಶಬ್ದದ ದೂರನ್ನು ಗ್ರಾಹಕರ ಮಾತಿನಲ್ಲೇ ಜಾಬ್ ಕಾರ್ಡಿಗೆ ಬರೆಯಬೇಕು. ಮೆಕ್ಯಾನಿಕ್ ಗ್ರಾಹಕರ ಜೊತೆ ರಸ್ತೆಯಲ್ಲಿ, ಸದ್ದು ಬರುವ ವೇಗದಲ್ಲೇ ಗಾಡಿ ಓಡಿಸಿ ನೋಡಬೇಕು. ಬರೆಯಲು ಒಪ್ಪದಿದ್ದರೆ ಸವಾರರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ನನ್ನಂತೆ ಬರಿಗೈಯಲ್ಲಿ ಕಳಿಸಲ್ಪಟ್ಟವರು, ಮುಖ್ಯವಾಗಿ ಒಬ್ಬರೇ ದೂರ ಓಡಾಡುವ ಹೆಣ್ಣುಮಕ್ಕಳು, ಸುಮ್ಮನಿರಬಾರದು.

ಇನ್ನೊಂದು ಕೋರಿಕೆ ರಾಜ್ಯ ಸರ್ಕಾರಕ್ಕೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ 2022ರ ಜೂನ್‌ನಲ್ಲಿ ಉದ್ಘಾಟಿಸಲಾಯಿತು. ಅಲ್ಲಿ ಹುಡುಗರಿಗೆ ತರಗತಿ ಮುಗಿದ ಮೇಲೆ, ಈಗಾಗಲೇ ಗ್ಯಾರೇಜು ನಡೆಸುತ್ತಿರುವ ಹಿರಿಯರಿಗಾಗಿ ವಿದ್ಯುತ್ ವಾಹನ ದುರಸ್ತಿಯ ಸಂಜೆ ತರಬೇತಿ ತೆರೆಯಿರಿ. ಪ್ರವೇಶಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೇಳಬೇಡಿ. ಪಾಠ ಕನ್ನಡದಲ್ಲಿರಲಿ, ಪ್ರಮಾಣಪತ್ರ ಪಡೆದವರು ಬೋಲ್ಟ್ ಬಿಗಿದರೆ ವಾರಂಟಿಗೆ ಧಕ್ಕೆ ಬಾರದಂತೆ ಕಂಪನಿಗಳಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ.

– ವಿಜ್ಞಾನ ಶಿಕ್ಷಕಿ, ತಿಪಟೂರು