ನಿಮ್ಮ ಹುಣಸೆಮರದ ಬಾವಲಿಗಳು

ಪ್ರೀತಿಯ ಗೆಳೆಯ,

ಹೇಗಿದ್ದೀಯಾ? ಮನೆಯವರೆಲ್ಲ ಚೆನ್ನಾಗಿದ್ದಾರಾ? ಈ ವಿಷಯ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಮೊನ್ನೆ ನೋಡಿದ್ದನ್ನು ನಿಧಾನವಾಗಿ ಬರೆದರೇ ನಿನಗೆ ಸರಿಯಾಗಿ ಮುಟ್ಟುತ್ತೆ ಅನ್ನಿಸಿತು.

ಶಿವರಾತ್ರಿ ಕಳೆದು ನಾಲ್ಕು ದಿನ ಆಗಿತ್ತು. ಚಳಿ ಹೋಗಿದೆ, ಬಿಸಿಲು ಇನ್ನೂ ಸುಡುತ್ತಿಲ್ಲ. ಮಾವಿನಲ್ಲಿ ಹೂವು ಉದುರಿ ಮಿಡಿ ಕಚ್ಚಿದೆ. ಬೆಳಿಗ್ಗೆ ಹತ್ತೂವರೆ ಇರಬಹುದು, ತುಮಕೂರಿಗೆ ಹೊರಟು ಕೆರೆ ಏರಿ ಮೇಲೆ ಬೈಕಿನಲ್ಲಿ ಬರುತ್ತಿದ್ದೆ. ತಲೆ ಮೇಲೆ ಒಂದು ನೆರಳು ಹಾದುಹೋಯಿತು. ಹದ್ದು ಅಂದುಕೊಂಡೆ. ಹಿಂದೆಯೇ ಇನ್ನೊಂದು, ಆಮೇಲೆ ಹತ್ತು, ಆಮೇಲೆ ಎಣಿಸೋಕೆ ಆಗಲಿಲ್ಲ. ನಿಮ್ಮ ತೋಟದ ಮೂಲೆಯ ದೊಡ್ಡ ಹುಣಸೆಮರದಿಂದ ಬಾವಲಿಗಳೆಲ್ಲ ಎದ್ದು ಕೆರೆ ಮೇಲೆ ಸುತ್ತುತ್ತಿದ್ದವು. ಹಾಡಹಗಲಿನಲ್ಲಿ.

ದನ ಮೇಯಿಸುತ್ತಿದ್ದ ಅಜ್ಜಿಯೊಬ್ಬರು "ಹಗಲೊತ್ತು ಬಾವಲಿ ಎದ್ರೆ ಊರಿಗೆ ಒಳ್ಳೇದಲ್ಲ ಕಣಪ್ಪ" ಅಂದರು. ಪಕ್ಕದಲ್ಲಿದ್ದ ಹುಡುಗ "ಅವಕ್ಕೆ ಹಗಲು ಕಣ್ಣು ಕಾಣಲ್ಲ, ಅದಕ್ಕೇ ಹಂಗೆ ಸುತ್ತುತಾವೆ" ಅಂದ. ಚಿಕ್ಕವರಿದ್ದಾಗ ನಾವೂ ಹಾಗೇ ನಂಬಿದ್ದೆವು ಅಲ್ವಾ? ಅದು ನಿಜ ಅಲ್ಲ ಕಣೋ. ಹುಳ ಹಿಡಿಯುವ ಸಣ್ಣ ಬಾವಲಿಗಳು ತಮ್ಮ ಕೂಗಿನ ಮಾರ್ದನಿ ಕೇಳಿ ದಾರಿ ಹುಡುಕುತ್ತವೆ. ಹಣ್ಣು ತಿನ್ನುವ ಈ ದೊಡ್ಡ ಬಾವಲಿಗಳು ನಂಬುವುದು ಕಣ್ಣು ಮತ್ತು ಮೂಗನ್ನು. ಕಣ್ಣು ಚೆನ್ನಾಗಿಯೇ ಕಾಣುತ್ತೆ. ಅಷ್ಟು ಗಾಬರಿಯಲ್ಲೂ ಒಂದೂ ಕರೆಂಟ್ ತಂತಿಗೆ ತಾಗಲಿಲ್ಲ, ನಾನು ನೋಡುತ್ತಲೇ ಇದ್ದೆ.

ಬೈಕ್ ನಿಲ್ಲಿಸಿ ಮರದ ಹತ್ತಿರ ಹೋದೆ. ಆಗ ಗೊತ್ತಾಯಿತು. ಮರದ ಬುಡದಲ್ಲಿ ಟಾರ್ಪಾಲು ಹಾಸಿದ್ದರು. ಇಬ್ಬರು ಮೇಲೆ ಹತ್ತಿ ಕೊಂಬೆಗಳನ್ನು ಕೋಲಿನಲ್ಲಿ ಬಡಿಯುತ್ತಿದ್ದರು. ಕೆಳಗೆ ಹೆಂಗಸರು ಹುಣಸೆಹಣ್ಣು ಆರಿಸುತ್ತಿದ್ದರು. ಈ ವರ್ಷ ನಿಮ್ಮಣ್ಣ ಆ ಮರವನ್ನೂ ಸೇರಿಸಿ ಗುತ್ತಿಗೆಗೆ ಕೊಟ್ಟಿದ್ದಾರಂತೆ. ನಿಮ್ಮಪ್ಪ ಇದ್ದಾಗ ಆ ಒಂದು ಮರಕ್ಕೆ ಯಾರನ್ನೂ ಹತ್ತಿಸುತ್ತಿರಲಿಲ್ಲ, ನೆನಪಿದೆಯಾ? ಉದುರಿದ್ದನ್ನು ಮಾತ್ರ ಆರಿಸಿಕೊಳ್ಳುತ್ತಿದ್ದರು. ಯಾಕೆ ಅಂತ ನಾವು ಕೇಳಲೇ ಇಲ್ಲ.

ಒಂದು ಬಾವಲಿ ಪಕ್ಕದ ಬೇವಿನ ಕೆಳಗಿನ ಕೊಂಬೆಗೆ ಬಂದು ಜೋತುಬಿತ್ತು. ನನ್ನಿಂದ ಹತ್ತು ಅಡಿ ದೂರ ಇರಬಹುದು ಅಷ್ಟೆ. ಅಷ್ಟು ಹತ್ತಿರದಿಂದ ನಾನು ಎಂದೂ ನೋಡಿರಲಿಲ್ಲ. ಕತ್ತಿನ ಸುತ್ತ ಕೆಂಚು ಕೂದಲು. ನರಿಯಂಥ ಮುಖ, ಅಗಲ ಕಣ್ಣು. ರೆಕ್ಕೆ ಬಿಚ್ಚಿದಾಗ ಬಿಸಿಲು ತೊಗಲಿನ ಆಚೆಯಿಂದ ಬಿದ್ದು, ಕೊಡೆಯ ಕಡ್ಡಿಗಳ ಥರ ಉದ್ದುದ್ದ ಬೆರಳುಗಳು, ಸಣ್ಣ ಸಣ್ಣ ರಕ್ತನಾಳಗಳು ಎಲ್ಲ ಕಂಡವು. ಎರಡೂ ರೆಕ್ಕೆ ಬಿಚ್ಚಿದರೆ ಇವು ನಾಲ್ಕು ಅಡಿಗಿಂತ ಅಗಲ. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ರೆಕ್ಕೆಯಿಂದ ಬೀಸಣಿಗೆ ಥರ ಗಾಳಿ ಹಾಕಿಕೊಳ್ಳುತ್ತಿತ್ತು. ಆಗ ಕಂಕುಳ ಹತ್ತಿರ ಏನೋ ಅಲುಗಾಡಿತು. ಮರಿ. ಮೊಲೆಗೆ ಬಾಯಿ ಹಾಕಿ, ಕಾಲಿನ ಉಗುರಿನಿಂದ ಅಮ್ಮನ ಕೂದಲು ಹಿಡಿದು ಅಂಟಿಕೊಂಡಿತ್ತು.

ಅದನ್ನು ನೋಡಿದ ಮೇಲೆ ನನಗೆ ಸುಮ್ನೆ ಇರೋಕೆ ಆಗಲಿಲ್ಲ. ಇವು ಹೆರುವುದೇ ಈ ಕಾಲದಲ್ಲಿ, ನಮ್ಮ ಹುಣಸೆ ಬಡಿಯುವ ದಿನಗಳಲ್ಲೇ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮರಿ. ಮೊದಲ ಕೆಲವು ವಾರ ತಾಯಿ ಅದನ್ನು ಹೊತ್ತುಕೊಂಡೇ ಹಾರಬೇಕು. ರಾತ್ರಿಯೆಲ್ಲ ಹಣ್ಣು ಹುಡುಕಿ ಬಂದು ಹಗಲು ಮಲಗುವ ಜೀವ. ಮಲಗಿದ್ದಾಗ ಎಬ್ಬಿಸಿದರೆ ಮರಿ ಹೊತ್ತು ಬಿಸಿಲಿನಲ್ಲಿ ಸುತ್ತಬೇಕು. ಮೇಲಿಂದ ಕಾಗೆಗಳ ಕಾಟ ಬೇರೆ.

ಗುತ್ತಿಗೆಯವರಿಗೆ ಹೇಳಿದೆ. ಒಳ್ಳೆಯವರು, ಇಳಿದರು. "ನಮಗೇನು ಸಾರ್, ಹೇಳಿದ ಮರ ಬಡೀತೀವಿ" ಅಂದರು. ಅವರದ್ದೇನೂ ತಪ್ಪಿಲ್ಲ. ಬಾವಲಿಗಳು ಒಂದೊಂದೇ ವಾಪಸ್ ಬರೋಕೆ ಒಂದು ಗಂಟೆಗೂ ಜಾಸ್ತಿ ಹಿಡಿಯಿತು. ಬುಡದಲ್ಲಿ ಒಂದು ಮರಿ ಬಿದ್ದಿತ್ತು. ಬರಿಗೈಯಲ್ಲಿ ಮುಟ್ಟಬಾರದು ಅಂತ ಗೊತ್ತಿತ್ತು. ಟವೆಲ್ ನಾಲ್ಕು ಮಡಿಕೆ ಮಾಡಿ ಹಿಡಿದು, ಕಾಂಡದ ಮೇಲೆ ಕೈಗೆಟುಕುವಷ್ಟು ಎತ್ತರದಲ್ಲಿ ಬಿಟ್ಟೆ. ತೊಗಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಸಂಜೆ ಹೋದಾಗ ಕಾಂಡದ ಮೇಲೆ ಇರಲಿಲ್ಲ, ಕೆಳಗೂ ಇರಲಿಲ್ಲ. ತಾಯಿ ಎತ್ತಿಕೊಂಡಿರಲಿ ಅಂತ ಬೇಡಿಕೊಂಡೆ.

ನಿಮ್ಮಣ್ಣ ಕಾಯಿಲೆಗೆ ಹೆದರುತ್ತಾರೆ. 2018ರಲ್ಲಿ ಕೇರಳದಲ್ಲಿ ನಿಪಾ ಬಂದಾಗಿನಿಂದ ಎಲ್ಲರಿಗೂ ಆ ಭಯ ಇದೆ. ಆ ವೈರಸ್ ಈ ಜಾತಿಯ ಬಾವಲಿಗಳಲ್ಲಿ ಇರುವುದು ನಿಜ. ಅದಕ್ಕೆ ಕಚ್ಚಿದ ಹಣ್ಣು ತಿನ್ನಬಾರದು, ಬಾವಲಿ ಮುಟ್ಟಬಾರದು. ಆದರೆ ಮರ ಬಡಿದು ಎಬ್ಬಿಸಿದರೆ ಅವು ಊರ ತುಂಬಾ ಚೆಲ್ಲಾಪಿಲ್ಲಿ ಆಗುತ್ತವೆ. ಅವುಗಳ ಪಾಡಿಗೆ ಬಿಡುವುದೇ ನಮಗೂ ಕ್ಷೇಮ. ಇನ್ನು ಅವು ತೋಟಕ್ಕೆ ದಂಡ ಅನ್ನುತ್ತಾರಲ್ಲ, ನಿಮ್ಮ ಬೇಲಿ ಸಾಲಿನಲ್ಲಿ ಯಾರೂ ನೆಡದೆ ಬಂದ ಬೇವು, ಅತ್ತಿ, ನೇರಳೆ ಎಷ್ಟಿವೆ ನೋಡು. ಅವುಗಳಲ್ಲಿ ಎಷ್ಟೋ ಗಿಡ ಬಾವಲಿ ಉದುರಿಸಿದ ಬೀಜದಿಂದ ಬಂದಿರುತ್ತವೆ. ಇಪ್ಪೆ, ಬೂರುಗದ ಹೂವಿಗೂ ರಾತ್ರಿ ಇವು ಬಂದು ಪರಾಗ ಹರಡುತ್ತವೆ. ಮೊದಲು ಕಾನೂನಿನಲ್ಲೇ ಇವನ್ನು ಇಲಿ, ಕಾಗೆ ಜೊತೆ ಪೀಡೆಗಳ ಪಟ್ಟಿಗೆ ಸೇರಿಸಿದ್ದರು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ತಂದಾಗ ಆ ಪಟ್ಟಿಯನ್ನೇ ತೆಗೆದರು.

ಕೋಲಾರ ಜಿಲ್ಲೆಯ ಹನುಮನಹಳ್ಳಿ ಗುಹೆಯಲ್ಲಿ ಒಂದು ಸಣ್ಣ ಬಾವಲಿ ಇದೆ. ಜಗತ್ತಿನಲ್ಲಿ ಬೇರೆಲ್ಲೂ ಸಿಕ್ಕಿಲ್ಲ. ಉಳಿದಿರುವುದು 200ಕ್ಕಿಂತ ಕಡಿಮೆ. ಕಲ್ಲು ಗಣಿಗಾರಿಕೆ ಅವುಗಳ ಮನೆಗೇ ಕುತ್ತು ತಂದಿತ್ತು. ನಿಮ್ಮ ಮರದವು ಅಷ್ಟು ಅಪರೂಪ ಅಲ್ಲ, ನಿಜ. ಆದರೆ ಸುತ್ತಮುತ್ತ ದೊಡ್ಡ ಮರ ಎಲ್ಲಿ ಉಳಿದಿದೆ ಹೇಳು? ರಸ್ತೆ ಅಗಲ ಮಾಡುವಾಗ ಸಾಲುಮರ ಹೋದವು.

ನಾನು ಕೇಳುವುದು ಇಷ್ಟೇ. ಉಳಿದ ಐದು ಹುಣಸೆ ಬಡಿಯಲಿ. ಆ ಒಂದು ಮರ ಬಿಡಲಿ. ತಾನಾಗಿ ಉದುರಿದ್ದನ್ನು ಮೊದಲಿನ ಹಾಗೆ ಆರಿಸಿಕೊಳ್ಳಲಿ. ನಷ್ಟ ಆಗುವಷ್ಟು ದುಡ್ಡು ನಾನು ಕೊಡುತ್ತೇನೆ ಅಂದರೆ ನಿಮ್ಮಣ್ಣ ಬೇಜಾರು ಮಾಡಿಕೊಳ್ಳುತ್ತಾರೆ. ಅದಕ್ಕೆ ನೀನೇ ಮಾತಾಡು. ಅಪ್ಪನ ಹೆಸರು ಎತ್ತು, ಅವರು ಕೇಳುತ್ತಾರೆ.

ಸೋಮವಾರ ಬೆಳಿಗ್ಗೆ ಬಡಿಯುವವರು ಮತ್ತೆ ಬರುತ್ತಾರಂತೆ. ಭಾನುವಾರದೊಳಗೆ ಫೋನ್ ಮಾಡಿಬಿಡು.

ನಿನ್ನ ಗೆಳೆಯ