ಹಾಯಿದೋಣಿಯಿಂದ ಗೆಳೆಯನಿಗೊಂದು ಪತ್ರ

ಗ್ರೆನಡಾ
8 ಸೆಪ್ಟೆಂಬರ್ 2024

ಪ್ರೀತಿಯ ಗೆಳೆಯ,

"ಚಂಡಮಾರುತದ ಕಾಲದಲ್ಲೂ ದೋಣಿಯಲ್ಲೇ ಇದ್ದೀಯಾ? ನಿಂಗೆ ತಲೆ ಸರಿ ಇದ್ಯಾ ಮಾರಾಯ?" ಅಂತ ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ಆಗ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಮಾತು ಕಡಿದು ಕಡಿದು ಬರುತ್ತಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಮ್ಮ ಗಂಗೊಳ್ಳಿಯಲ್ಲಿ ಜೂನ್ 1 ಬಂತೆಂದರೆ ಟ್ರಾಲ್ ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ನಿಲ್ಲುತ್ತವೆ. ಮೀನುಗಾರಿಕೆ ನಿಷೇಧ, 61 ದಿನ ಕಡಲಿಗಿಳಿಯುವ ಹಾಗಿಲ್ಲ. ಅಪ್ಪ ಸಣ್ಣ ದೋಣಿಯನ್ನು ಮೇಲಕ್ಕೆ ಎಳೆದು ಮಡಲು ಹೊದಿಸುತ್ತಿದ್ದರು, ನೆನಪಿದೆ ಅಲ್ವಾ? ಇಲ್ಲೂ ಚಂಡಮಾರುತದ ಕಾಲ ಶುರುವಾಗುವುದು ಜೂನ್ 1ಕ್ಕೇ. ಮುಗಿಯುವುದು ಮಾತ್ರ ನವೆಂಬರ್ 30ಕ್ಕೆ. ಸೆಪ್ಟೆಂಬರ್ 10ರ ಆಸುಪಾಸು ಅದರ ಜೋರು ಹೆಚ್ಚು. ಅಂದರೆ ಈಗಲೇ.

ನಮಗೆ ಬೇರೆ ಮನೆ ಇಲ್ಲ. ಈ 38 ಅಡಿಯ ದೋಣಿಯೇ ಮನೆ. ಕೆರಿಬಿಯನ್ ಸಮುದ್ರದ ಈ ಗ್ರೆನಡಾ ದ್ವೀಪ ಇರುವುದು 12 ಡಿಗ್ರಿ ಉತ್ತರದಲ್ಲಿ, ಗಂಗೊಳ್ಳಿಗಿಂತ ಒಂದೂವರೆ ಡಿಗ್ರಿ ಕೆಳಗೆ. ಹೆಚ್ಚಿನ ಚಂಡಮಾರುತಗಳು ಇದಕ್ಕಿಂತ ಮೇಲೆಯೇ ಹಾದು ಹೋಗುತ್ತವೆ. ಹಾಗಾಗಿ ದೋಣಿಯಲ್ಲೇ ಬದುಕುವ ನಮ್ಮಂಥವರು ಜೂನ್ ಹೊತ್ತಿಗೆ ದ್ವೀಪದ ದಕ್ಷಿಣದ ಕೊಲ್ಲಿಗಳಿಗೆ ಬಂದು ಲಂಗರು ಹಾಕುತ್ತಾರೆ.

ಆದರೆ "ಹೆಚ್ಚಿನ" ಅಂದರೆ ಎಲ್ಲವೂ ಅಲ್ಲ. ನಿನ್ನೆಗೆ ಐವಾನ್ ಚಂಡಮಾರುತ ಬಂದು ಸರಿಯಾಗಿ 20 ವರ್ಷ. 2004ರ ಸೆಪ್ಟೆಂಬರ್ 7ರಂದು ಅದು ಈ ದ್ವೀಪಕ್ಕೇ ಬಡಿಯಿತು. 39 ಜನ ಸತ್ತರು. ಹತ್ತರಲ್ಲಿ ಒಂಬತ್ತು ಮನೆಗಳಿಗೆ ಪೆಟ್ಟಾಯಿತು. ನಿನ್ನೆ ತರಕಾರಿ ತರಲು ಹೋದಾಗ ಅಂಗಡಿಯ ಅಜ್ಜಿ ಅದೇ ಮಾತು ತೆಗೆದರು. ಮನೆಯ ಮಾಡು ಹೋದದ್ದಕ್ಕಿಂತ ಜಾಯಿಕಾಯಿ ಮರಗಳು ಬಿದ್ದದ್ದನ್ನೇ ಜಾಸ್ತಿ ಹೇಳಿದರು. ಈ ದೇಶದ ಬಾವುಟದಲ್ಲೇ ಜಾಯಿಕಾಯಿ ಇದೆ. ಮಾಡು ಒಂದು ವರ್ಷದಲ್ಲಿ ಹೊದಿಸಬಹುದು, ಜಾಯಿಕಾಯಿ ಗಿಡ ಕಾಯಿ ಬಿಡಲು ಏಳೆಂಟು ವರ್ಷ ಕಾಯಬೇಕು. ನಿಮ್ಮ ತೋಟದಲ್ಲೂ ಎರಡು ಮರ ಇವೆಯಲ್ಲ, ನಿನಗೆ ಅವರ ಸಂಕಟ ಅರ್ಥವಾದೀತು.

ಈ ವರ್ಷದ್ದು ನಾನೇ ಕಂಡದ್ದು. ಜೂನ್ 28ರ ಶುಕ್ರವಾರ ಬೆರಿಲ್ ಇನ್ನೂ ಸಣ್ಣ ವಾಯುಭಾರ ಕುಸಿತ. ಭಾನುವಾರ ಬೆಳಗ್ಗೆ ಐದು ದರ್ಜೆಗಳಲ್ಲಿ ನಾಲ್ಕನೇ ದರ್ಜೆಯ ಚಂಡಮಾರುತ. ಎರಡು ದಿನವೂ ಪೂರ್ತಿ ಆಗಿರಲಿಲ್ಲ. ಜೂನ್ ತಿಂಗಳಲ್ಲಿ ಅಟ್ಲಾಂಟಿಕ್‌ನಲ್ಲಿ ಅಂಥದ್ದು ಹಿಂದೆಂದೂ ದಾಖಲಾಗಿರಲಿಲ್ಲ.

ಮನೆಯಾದರೆ ಬಾಗಿಲು ಹಾಕಿ ಕೂರಬೇಕು. ದೋಣಿಯಾದರೆ ಹೊರಟು ಹೋಗಬಹುದು. ಆದರೆ ಯಾವಾಗ? ಎಲ್ಲಿಗೆ ಬಡಿಯುತ್ತದೆ ಎಂದು ಖಚಿತವಾಗುವವರೆಗೆ ಕಾದರೆ ಸಮುದ್ರ ಆಗಲೇ ಕೆಟ್ಟಿರುತ್ತದೆ. ಶನಿವಾರ ಮಧ್ಯಾಹ್ನ ನಮ್ಮ ಕೊಲ್ಲಿಯಲ್ಲಿ ಬಿಸಿಲಿತ್ತು, ನೀರು ಹಾಲಿನ ಹಾಗೆ ನಿಂತಿತ್ತು. ಅಂಥ ಹೊತ್ತಿನಲ್ಲಿ ಲಂಗರು ಎತ್ತುವುದಕ್ಕೆ ಕೈ ಬರುವುದಿಲ್ಲ ಮಾರಾಯ. ಇವಳೇ ಗಟ್ಟಿ ಮಾಡಿದಳು. ಸಂಜೆ ಹೊರಟು, ರಾತ್ರಿಯಿಡೀ ಓಡಿಸಿ, ಮರುದಿನ ಬೆಳಗ್ಗೆ ಟ್ರಿನಿಡಾಡ್ ಸೇರಿದೆವು.

ನಮ್ಮ ಪಕ್ಕ ಲಂಗರು ಹಾಕಿದ್ದ ವಯಸ್ಸಾದ ದಂಪತಿ ಅದೇ ಬೆಳಗ್ಗೆ ಉತ್ತರಕ್ಕೆ, ಗ್ರೆನಡಾ ದೇಶಕ್ಕೇ ಸೇರಿದ ಕ್ಯಾರಿಯಾಕೂ ದ್ವೀಪಕ್ಕೆ ಹೋಗಿದ್ದರು. ಅಲ್ಲಿ ಟಿರಲ್ ಬೇ ಎಂಬಲ್ಲಿ ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಕಾಡಿದೆ. ದೋಣಿಯನ್ನು ಒಳಗೆ ನುಗ್ಗಿಸಿ, ನಾಲ್ಕೂ ಕಡೆ ಮರದ ಬೇರುಗಳಿಗೆ ಹಗ್ಗ ಬಿಗಿದರೆ ಎಂಥ ಗಾಳಿಗೂ ಜಗ್ಗುವುದಿಲ್ಲ ಎಂದು ಎಲ್ಲರೂ ನಂಬಿದ್ದ ಜಾಗ. ಅವರದೇನೂ ತಪ್ಪಲ್ಲ. ನನಗೆ ಒಬ್ಬನೇ ನಿರ್ಧಾರ ಮಾಡಬೇಕಿದ್ದರೆ ನಾನೂ ಅಲ್ಲಿಗೇ ಹೋಗುತ್ತಿದ್ದೆನೋ ಏನೋ.

ಜುಲೈ 1ರಂದು ಬೆರಿಲ್ ನೇರವಾಗಿ ಕ್ಯಾರಿಯಾಕೂ ಮೇಲೆಯೇ ಬಂತು. ಗಂಟೆಗೆ ಸುಮಾರು 240 ಕಿಲೋಮೀಟರ್ ಗಾಳಿ. ಅರ್ಧ ಗಂಟೆಯಲ್ಲಿ ಕ್ಯಾರಿಯಾಕೂ ನೆಲಸಮವಾಯಿತು ಎಂದು ಪ್ರಧಾನಿ ಡಿಕನ್ ಮಿಚೆಲ್ ಹೇಳಿದರು. ಕಾಂಡ್ಲಾ ಮರಗಳಲ್ಲಿ ಒಂದು ಹಸಿರೆಲೆ ಉಳಿಯಲಿಲ್ಲ. ದೋಣಿಗಳು ಒಂದರ ಮೇಲೊಂದು ಬಿದ್ದಿದ್ದವು. ನಮ್ಮ ಕೊಲ್ಲಿಗೆ ಮಾತ್ರ ಅಂಥ ಹಾನಿ ಆಗಲೇ ಇಲ್ಲ. ಇಲ್ಲೇ ಉಳಿದಿದ್ದರೂ ಬಚಾವಾಗುತ್ತಿದ್ದೆವು.

ಆ ಇಬ್ಬರೂ ಬದುಕಿದರು. ಅವರ ದೋಣಿ ಉಳಿಯಲಿಲ್ಲ. ಆಗಸ್ಟಿನಲ್ಲಿ ಊರಿಗೆ ಹೊರಡುವ ಮುನ್ನ ಆ ಯಜಮಾನರು ಉಳಿದ ದಪ್ಪ ಹಗ್ಗವನ್ನು ನಮಗೆ ಕೊಟ್ಟು ಹೋದರು. ಅದಕ್ಕೆ ಅವರೇ ಹಳೆಯ ಅಗ್ನಿಶಾಮಕ ಪೈಪಿನ ತುಂಡು ತೊಡಿಸಿದ್ದರು, ಉಜ್ಜಿ ಸವೆಯದಿರಲಿ ಅಂತ. ಬಿರುಗಾಳಿಯಲ್ಲಿ ಹಗ್ಗ ಎಳೆತಕ್ಕಿಂತ ಹೆಚ್ಚಾಗಿ ಉಜ್ಜಿಯೇ ತುಂಡಾಗುವುದು. ಆ ಹಗ್ಗ ಈಗ ನಮ್ಮ ಹಾಸಿಗೆಯ ಕೆಳಗೆ ಸುರುಳಿ ಸುತ್ತಿ ಇದೆ.

ಉಳಿದ ದಿನಗಳೆಲ್ಲ ಸಾಮಾನ್ಯವೇ. ಸೆಕೆ ವಿಪರೀತ. ಮಳೆ ಬಂದರೆ ಕಿಟಕಿ ಮುಚ್ಚಬೇಕು, ಮುಚ್ಚಿದರೆ ಬೇಯುತ್ತೇವೆ. ಬಟ್ಟೆಗೆಲ್ಲ ಬೂಸಲು. ಸಂಜೆ ಪೇಟೆಯಲ್ಲಿ ರೊಟ್ಟಿ ಸಿಗುತ್ತದೆ, ಒಳಗೆ ಕಡಲೆಕಾಳಿನ ಪಲ್ಯ ಇಟ್ಟು ಸುತ್ತಿ ಕೊಡುತ್ತಾರೆ. ಅದರ ಮೂಲ ನಮ್ಮ ದೇಶದ್ದೇ. 1857ರಲ್ಲಿ ಮೇಡ್‌ಸ್ಟೋನ್ ಎಂಬ ಹಡಗಿನಲ್ಲಿ ನಮ್ಮ ದೇಶದವರು ಕೂಲಿಗೆಂದು ಇಲ್ಲಿಗೆ ಬಂದಿದ್ದರು. ತಿನ್ನುವಾಗ ಅವರು ದಾಟಿ ಬಂದ ಸಮುದ್ರದ ನೆನಪಾಗುತ್ತದೆ. ಅವರಿಗೆ ಚಂಡಮಾರುತದ ನಕ್ಷೆ ಯಾವುದೂ ಇರಲಿಲ್ಲ.

ನಮಗಾದರೆ ದಿನಕ್ಕೆ ನಾಲ್ಕು ಸಲ ಮಯಾಮಿಯ ಚಂಡಮಾರುತ ಕೇಂದ್ರದ ನಕ್ಷೆ ಬರುತ್ತದೆ. ಆಫ್ರಿಕಾದ ಕರಾವಳಿಯಿಂದ ಹೊರಟ ಮೋಡದ ಗುಂಪಿಗೆ, ಅದು ಬಿರುಗಾಳಿಯಾಗುವ ಸಾಧ್ಯತೆ ಹೆಚ್ಚಿದ ಹಾಗೆ, ಮೊದಲು ಹಳದಿ, ಆಮೇಲೆ ಕಿತ್ತಳೆ, ಆಮೇಲೆ ಕೆಂಪು ಬಣ್ಣ. ಹಳದಿಯಾದರೆ ಅಡುಗೆ ಮಾಡುತ್ತೇವೆ. ಕಿತ್ತಳೆಯಾದರೆ ಡೀಸೆಲ್, ನೀರು ತುಂಬಿಸುತ್ತೇವೆ. ಕೆಂಪಿಗೆ ಕಾಯುವುದಿಲ್ಲ ಎಂದು ಬೆರಿಲ್ ಆದ ಮೇಲೆ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ.

ರಾತ್ರಿ ಎಂಟರ ನಕ್ಷೆ ಬಂತಂತೆ, ಇವಳು ಕರೆಯುತ್ತಿದ್ದಾಳೆ. ಸ್ವಲ್ಪ ತಾಳು.

ನೋಡಿ ಬಂದೆ. ಹಳದಿ ಇನ್ನೂ ಹಳದಿಯೇ. ಅನ್ನಕ್ಕೆ ಇಡುತ್ತೇನೆ.

ನಿನ್ನ
ಗೆಳೆಯ